ಬೂದಿ, ಹುಣಸೆ, ಚೌಳು: ದುರ್ಗದ ಸೀಮೆಯ ತೊಳೆಯುವ ವಿದ್ಯೆ

ನರಕ ಚತುರ್ದಶಿಯ ಹಿಂದಿನ ಸಂಜೆಗೆ ಕನ್ನಡ ನಾಡಿನ ಹಲವೆಡೆ ‘ನೀರು ತುಂಬುವ ಹಬ್ಬ’ ಎಂಬ ಹೆಸರಿದೆ. ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬುವುದು ಆ ಸಂಜೆಯ ಮುಖ್ಯ ಆಚರಣೆ. ದೀಪದ ಹಬ್ಬವೂ ಹೀಗೆ ಪಾತ್ರೆ ಬೆಳಗುವುದರಿಂದಲೇ ಆರಂಭವಾಗುತ್ತದೆ. ದೀಪ ಹಚ್ಚುವುದಕ್ಕೂ ಪಾತ್ರೆ ತಿಕ್ಕುವುದಕ್ಕೂ ಕನ್ನಡದಲ್ಲಿ ‘ಬೆಳಗು’ ಎಂಬ ಒಂದೇ ಮಾತು ಸಲ್ಲುತ್ತದೆ.

ಮನೆ ಶುಚಿಗೊಳಿಸುವ ‘ಸುಲಭ ಉಪಾಯ’ಗಳಿಗೆ ಈಗ ಬರವಿಲ್ಲ. ಶೌಚಾಲಯದ ಕಲೆಗೆ ಕೋಲಾ ಸುರಿಯಿರಿ, ನಲ್ಲಿಯ ಬಿಳಿ ಪೊರೆಗೆ ನಿಂಬೆಹಣ್ಣು ಉಜ್ಜಿರಿ, ಕನ್ನಡಿಯನ್ನು ಚಹಾದ ಡಿಕಾಕ್ಷನ್ನಿನಿಂದ ಒರೆಸಿರಿ, ಬೆಳ್ಳಿಗೆ ಟೂತ್‌ಪೇಸ್ಟ್ ಹಚ್ಚಿರಿ ಎಂಬ ಸಲಹೆಗಳನ್ನು ಹೊಸ ಶೋಧನೆಗಳಂತೆ ಹೇಳಲಾಗುತ್ತದೆ. ಆದರೆ ಅಡುಗೆಮನೆಯ ವಸ್ತುಗಳಿಂದಲೇ ಮನೆಯನ್ನು ತೊಳೆಯುವ ಪೂರ್ಣ ವಿದ್ಯೆಯೊಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ತಲೆಮಾರುಗಳಿಂದ ನಡೆದುಬಂದಿತ್ತು. ಹಳೆಯ ವಿದ್ಯೆಗೂ ಇಂದಿನ ಉಪಾಯಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂದು ಮನೆಯಲ್ಲಿ ಬಳಸಿ ಉಳಿದದ್ದರಿಂದ ತೊಳೆಯುತ್ತಿದ್ದರು. ಇಂದು ಉಣ್ಣುವ, ಕುಡಿಯುವ ವಸ್ತುವನ್ನು ಕೊಂಡುತಂದು ತೊಳೆಯಲು ಬಳಸಲಾಗುತ್ತಿದೆ. ಈ ಬದಲಾವಣೆ ಹೇಗಾಯಿತು ಎಂಬುದು ಈ ಸೀಮೆಯ ನೀರು, ನೆಲ ಮತ್ತು ದುಡಿಮೆಯ ಇತಿಹಾಸವೂ ಹೌದು.

ನೀರಿನ ಲೆಕ್ಕಾಚಾರ

ಚಿತ್ರದುರ್ಗ ಜಿಲ್ಲೆ ಬಹುಮಟ್ಟಿಗೆ ಬಯಲು ಸೀಮೆ. ಹೊಳಲ್ಕೆರೆ, ಹೊಸದುರ್ಗಗಳ ಕಡೆ ಅಡಿಕೆ, ತೆಂಗಿನ ತೋಟಗಳುಂಟು. ಪೂರ್ವಕ್ಕೆ ಹಿರಿಯೂರಿನತ್ತ ಸರಿದಂತೆ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ವೇದಾವತಿಗೆ ಮಾರಿಕಣಿವೆಯಲ್ಲಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲೊಮ್ಮೆ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿಯುವುದಕ್ಕೆ 2022ರವರೆಗೆ ಕಾಯಬೇಕಾಯಿತು. ಈ ಒಂದು ಸಂಗತಿಯೇ ಇಲ್ಲಿನ ನೀರಿನ ಸ್ಥಿತಿಯನ್ನು ಹೇಳಲು ಸಾಕು.

ದುರ್ಗದ ಪಾಳೆಯಗಾರರ ಕಾಲದ ಜನ ನೀರಿನ ಬೆಲೆ ಬಲ್ಲವರು. ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಪಟ್ಟಣದ ಸಿಹಿನೀರು ಹೊಂಡ, ಸಂತೆ ಹೊಂಡಗಳು ಬಂಡೆಗಳ ಮೇಲೆ ಬಿದ್ದ ಮಳೆಯ ನೀರನ್ನು ಹಿಡಿದಿಟ್ಟವು. ಒನಕೆ ಓಬವ್ವನ ಕಥೆಯಲ್ಲಿಯೂ ಗಂಡ ಊಟಕ್ಕೆ ಕುಳಿತಾಗ ಆಕೆ ನೀರು ತರಲು ಹೋದದ್ದರಿಂದಲೇ ಶತ್ರುಗಳು ನುಸುಳುತ್ತಿದ್ದ ಕಿಂಡಿ ಕಣ್ಣಿಗೆ ಬಿತ್ತು. ಕೊಡದಲ್ಲಿ ಹೊತ್ತು ತಂದ ನೀರನ್ನು ಯಾರೂ ಸುಮ್ಮನೆ ಚೆಲ್ಲುವುದಿಲ್ಲ.

‘ಸಿಹಿನೀರು’ ಎಂಬ ಹೆಸರಿನಲ್ಲಿಯೇ ಇನ್ನೊಂದು ಮಾತು ಅಡಗಿದೆ: ಸಿಹಿಯಲ್ಲದ ನೀರೂ ಇತ್ತು. ಸುಣ್ಣದ ಅಂಶ, ಲವಣಗಳು ಹೆಚ್ಚಾಗಿರುವ ಗಡುಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆ ಕಟ್ಟುವುದಿಲ್ಲ, ಕಾಯಿಸಿದ ಹಂಡೆಯ ಒಳಗೆ ಬಿಳಿಯ ಪೊರೆ ಕೂರುತ್ತದೆ. ಇಂತಹ ನೀರನ್ನೂ, ಅದೂ ಸ್ವಲ್ಪ ನೀರನ್ನು ಇಟ್ಟುಕೊಂಡು ಮನೆಯನ್ನು ಶುಚಿಯಾಗಿಡುವುದು ಹೇಗೆ ಎಂಬುದೇ ಇಲ್ಲಿನ ಹೆಂಗಸರ ಮುಂದಿದ್ದ ಪ್ರಶ್ನೆ.

ಅದಕ್ಕೆ ಅವರು ಕಂಡುಕೊಂಡ ಉತ್ತರ ಒಂದು ಸರಪಣಿಯಂತಿತ್ತು. ಅಕ್ಕಿ ತೊಳೆದ ಅಕ್ಕಚ್ಚು, ಎಂಜಲು ಪಾತ್ರೆ ಗಲಬರಿಸಿದ ಮೊದಲ ನೀರು, ಅನ್ನ ಬಸಿದ ಗಂಜಿಯ ಉಳಿಕೆ ಎಲ್ಲವೂ ಹಿತ್ತಲಿನ ಬಾನಿಗೆ ಬಿದ್ದು ಕಲಗಚ್ಚಾಗುತ್ತಿತ್ತು. ಅದು ದನಕ್ಕೆ. ಆಮೇಲೆ ಪಾತ್ರೆಗೆ ಒಣ ಬೂದಿ ಹಾಕಿ ತಿಕ್ಕುವುದು. ಬೂದಿ ಜಿಡ್ಡನ್ನೆಲ್ಲ ಹೀರಿಕೊಂಡ ಮೇಲೆ ಒಂದೆರಡು ಚೆಂಬು ನೀರು ಸಾಕು. ಆ ಬೂದಿ ನೀರು ಬಾಳೆಯ ಬುಡಕ್ಕೋ ತೆಂಗಿನ ಬುಡಕ್ಕೋ ಹೋಗುತ್ತಿತ್ತು. ಹೀಗೆ ಒಂದು ಕೊಡ ನೀರು ಮೂರು ಕೆಲಸ ಮುಗಿಸಿ ನೆಲ ಸೇರುತ್ತಿತ್ತು.

ಬಟ್ಟೆಗೂ ಬಳೆಗೂ ಒಂದೇ ಮಣ್ಣು

ಈ ಸೀಮೆಯ ತೊಳೆಯುವ ವಸ್ತುಗಳಲ್ಲಿ ಅತ್ಯಂತ ವಿಶಿಷ್ಟವಾದುದು ಚೌಳು ಮಣ್ಣು. ಬೇಸಗೆಯಲ್ಲಿ ಹಳ್ಳದ ಬದಿಯ ತಗ್ಗು ನೆಲದಲ್ಲಿ ಬಿಳಿಯ ಹಿಟ್ಟು ಚೆಲ್ಲಿದಂತೆ ಕಾಣುವ ಪೊರೆಯೇ ಚೌಳು. ನೆಲದೊಳಗಿನ ಲವಣಗಳು ನೀರಿನೊಂದಿಗೆ ಮೇಲೇರಿ, ನೀರು ಆವಿಯಾದಾಗ ಮೇಲೆಯೇ ಉಳಿದುಬಿಡುತ್ತವೆ. ಇದರಲ್ಲಿ ಮುಖ್ಯವಾಗಿರುವುದು ಸೋಡಿಯಂ ಕಾರ್ಬೊನೇಟ್; ಅಂಗಡಿಯಲ್ಲಿ ಮಾರುವ ಬಟ್ಟೆ ಸೋಡಾ ಕೂಡ ಅದೇ. ಬೇಸಾಯಗಾರನಿಗೆ ಚೌಳು ಶತ್ರು. ಚೌಳು ಎದ್ದ ಹೊಲದಲ್ಲಿ ಪೈರು ಏಳುವುದಿಲ್ಲ. ನೀರಾವರಿಯ ನೀರು ಸರಿಯಾಗಿ ಬಸಿದುಹೋಗದ ಕಡೆ ಒಳ್ಳೆಯ ನೆಲವೂ ಚೌಳಾಗುತ್ತದೆ. ಮಡಿವಾಳನಿಗೆ ಮಾತ್ರ ಅದೇ ಚೌಳು ಬಂಡವಾಳ.

ಆತ ಚೌಳನ್ನು ಗೋರಿ ತಂದು ನೀರಿನಲ್ಲಿ ಕದಡಿ, ಮಣ್ಣು ತಳಕ್ಕಿಳಿದ ಮೇಲೆ ತಿಳಿಯನ್ನು ಬಸಿದುಕೊಳ್ಳುತ್ತಿದ್ದ. ಬಟ್ಟೆಗಳನ್ನು ಅದರಲ್ಲಿ ನೆನೆಸಿ ಉಬ್ಬೆಗೆ ಹಾಕುತ್ತಿದ್ದ. ಉಬ್ಬೆಯೆಂದರೆ ಬಟ್ಟೆಯನ್ನು ಆವಿಯಲ್ಲಿ ಬೇಯಿಸುವ ಕ್ರಮ. ಕ್ಷಾರ ಮತ್ತು ಬಿಸಿ ಸೇರಿದಾಗ ಬಟ್ಟೆಯ ಜಿಡ್ಡು ಸಡಿಲಗೊಂಡು ಸಾಬೂನಿನಂತಾಗುತ್ತದೆ; ಆಮೇಲೆ ಕಲ್ಲಿಗೆ ಒಗೆದರೆ ಕೊಳೆ ಬಿಡುತ್ತದೆ. ಹೆಚ್ಚು ನೀರು ಬೇಕಾಗುವುದು ಕೊನೆಯ ಜಾಲಾಟಕ್ಕೆ ಮಾತ್ರ.

ಇದೇ ಮಣ್ಣು ಈ ಸೀಮೆಗೆ ಇನ್ನೊಂದು ಕಾರಣಕ್ಕೂ ಹೆಸರು ತಂದಿತ್ತು. ಶ್ರೀರಂಗಪಟ್ಟಣದ ಪತನದ ನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಗಾಜಿನ ಬಳೆ ತಯಾರಿಕೆಯ ವಿವರ ಬರುತ್ತದೆ. ಬೆಣಚುಕಲ್ಲಿನ ಪುಡಿಯನ್ನು ಸುಲಭವಾಗಿ ಕರಗಿಸಲು ಅಲ್ಲಿನವರಿಗೆ ನೆರವಾದದ್ದು ನೆಲದಲ್ಲಿಯೇ ಸಿಗುವ ಈ ಸೋಡಾ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಣ್ಣದ ಬಳೆಗಳು ಅಲ್ಲಿ ತಯಾರಾಗುತ್ತಿದ್ದವು. ಸೀರೆ ಒಗೆಯುವ ವಸ್ತುವೂ ಕೈಗೆ ಬಳೆ ಕೊಡುವ ವಸ್ತುವೂ ಹೀಗೆ ಒಂದೇ ನೆಲದಿಂದ ಬರುತ್ತಿತ್ತು. ಮತ್ತೋಡಿನ ಆ ಉದ್ಯಮ ಈಗಿಲ್ಲ.

ಅದೇ ಕಾಲದಲ್ಲಿ ಯೂರೋಪು ಸೋಡಾಕ್ಕಾಗಿ ಪರದಾಡುತ್ತಿತ್ತು ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಸಾಬೂನಿಗೂ ಗಾಜಿಗೂ ಬೇಕಾದ ಕ್ಷಾರವನ್ನು ಅಲ್ಲಿ ಮರದ ಬೂದಿ, ಕಡಲ ಸಸ್ಯಗಳ ಬೂದಿಯಿಂದ ಪಡೆಯಲಾಗುತ್ತಿತ್ತು. ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ 1791ರ ಸುಮಾರಿಗೆ ರೂಪಿಸಿದ ಮೇಲೆಯೇ ಸಾಬೂನು ಕಾರ್ಖಾನೆಗಳ ಯುಗ ಸಾಧ್ಯವಾಯಿತು. ಕೊಬ್ಬು ಮತ್ತು ಕ್ಷಾರ ಸೇರಿ ಸಾಬೂನಾಗುವುದು ಹೇಗೆಂಬುದನ್ನು ಮಿಶೆಲ್ ಷೆವ್ರಲ್ ವಿವರಿಸಿದ ಗ್ರಂಥ ಹೊರಬಂದದ್ದು 1823ರಲ್ಲಿ. ಕ್ರಿಯೆಯ ಹೆಸರು ತಿಳಿಯದೆಯೂ ದುರ್ಗದ ಮಡಿವಾಳರು ಅದನ್ನು ಉಬ್ಬೆಯ ಗಡಿಗೆಯಲ್ಲಿ ನಡೆಸುತ್ತಿದ್ದರು.

ಬೂದಿ ಮತ್ತು ಹುಳಿ

ಮನೆಯೊಳಗಿನ ಶುಚಿಗೆ ಎರಡು ಆಧಾರಗಳು: ಒಲೆಯ ಬೂದಿ ಮತ್ತು ಹುಳಿ. ಒಂದು ಕ್ಷಾರ, ಇನ್ನೊಂದು ಆಮ್ಲ. ಯಾವುದಕ್ಕೆ ಯಾವುದು ಎಂಬ ತಿಳಿವಳಿಕೆ ಇಲ್ಲಿ ಮುಖ್ಯ.

ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಅದು ಎಣ್ಣೆ ಜಿಡ್ಡನ್ನು ಬಿಡಿಸುತ್ತದೆ. ಬೂದಿಯ ನುಣುಪಾದ ಕಣಗಳು ಉಜ್ಜುವ ಕೆಲಸ ಮಾಡುತ್ತವೆ. ಮಸಿ ಹಿಡಿದ ತಳಕ್ಕೆ ಬೂದಿಯ ಜೊತೆ ಇಟ್ಟಿಗೆ ಪುಡಿ ಸೇರುತ್ತಿತ್ತು. ತಿಕ್ಕಲು ತೆಂಗಿನ ನಾರು, ಇಲ್ಲವೇ ಒಣಹುಲ್ಲಿನ ಸುರುಳಿ. ಹೊಸದುರ್ಗ, ಹೊಳಲ್ಕೆರೆಯ ತೋಟದ ಮನೆಗಳಲ್ಲಿ ತೆಂಗಿನ ನಾರಿಗೆ ಕೊರತೆಯೇ ಇರಲಿಲ್ಲ.

ತಾಮ್ರ, ಹಿತ್ತಾಳೆಗಳ ಕಪ್ಪು ಮತ್ತು ಹಸಿರು ಕಿಲುಬು ಬೂದಿಗೆ ಬಗ್ಗುವುದಿಲ್ಲ. ಅದಕ್ಕೆ ಹುಳಿಯೇ ಬೇಕು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಬಯಲು ಸೀಮೆಯ ಒಣ ನೆಲದಲ್ಲಿಯೂ ಹುಣಸೆ ಬೆಳೆಯುತ್ತದೆ; ಊರ ದಾರಿಗಳ ಸಾಲುಮರಗಳಲ್ಲಿ ಅದಕ್ಕೆ ಸ್ಥಾನವಿದೆ. ಆದರೂ ಪಾತ್ರೆ ಬೆಳಗಲು ಒಳ್ಳೆಯ ಹಣ್ಣನ್ನು ಬಳಸುವುದು ಹಬ್ಬದಂತಹ ದಿನಗಳಲ್ಲಿ ಮಾತ್ರ. ದಿನನಿತ್ಯಕ್ಕೆ ಸಾರಿಗೆ ಕಿವುಚಿ ಹಿಂಡಿ ಉಳಿದ ಸಿಪ್ಪೆ-ನಾರು ಸಾಕಾಗಿತ್ತು. ಹಿಂಡಿದ ನಿಂಬೆಯ ಹೋಳು, ಉಣ್ಣಲಾಗದಷ್ಟು ಹುಳಿಯಾದ ಮಜ್ಜಿಗೆ ಕೂಡ ಇದೇ ಕೆಲಸಕ್ಕೆ ಸಲ್ಲುತ್ತಿದ್ದವು. ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲವಿದೆ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ. ಹಂಡೆಯೊಳಗಿನ ಸುಣ್ಣದ ಪೊರೆಯನ್ನು ಕರಗಿಸುವುದೂ ಈ ಆಮ್ಲಗಳೇ.

ಹುಳಿಗೆ ಇನ್ನೊಂದು ಮುಖವಿತ್ತು. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ, ಸಾರು, ಮಜ್ಜಿಗೆ ಇಟ್ಟರೆ ಅದೇ ಆಮ್ಲ ಲೋಹವನ್ನು ಕರಗಿಸಿ ಅಡುಗೆಯನ್ನು ವಿಷವಾಗಿಸುತ್ತದೆ. ಅದಕ್ಕಾಗಿಯೇ ಕಲಾಯಿ. ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ಒಳಗೆ ತವರ ಸವರುವ ಕಲಾಯಿಯವರು ಬೀದಿಗೆ ಬಂದರೆಂದರೆ ಮನೆಮನೆಯ ಪಾತ್ರೆಗಳು ಹೊರಬರುತ್ತಿದ್ದವು. ಹುಳಿಯಿಂದ ಪಾತ್ರೆಯ ಹೊರಮೈ ಬೆಳಗಬೇಕು, ಒಳಮೈಯನ್ನು ಹುಳಿಯಿಂದ ಕಾಪಾಡಬೇಕು ಎಂಬುದು ಎಲ್ಲ ಗೃಹಿಣಿಯರಿಗೂ ಗೊತ್ತಿದ್ದ ಪಾಠ.

ನೊರೆ ಕೊಡುವ ಕಾಯಿ

ಕ್ಷಾರವೂ ಆಮ್ಲವೂ ಸಲ್ಲದ ಕಡೆ ಅಂಟುವಾಳ ಮತ್ತು ಸೀಗೆಕಾಯಿ. ಇವೆರಡರಲ್ಲಿಯೂ ಸಪೋನಿನ್ ಎಂಬ ನೊರೆಯ ದ್ರವ್ಯಗಳಿವೆ. ಗಡುಸು ನೀರಿನಲ್ಲಿ ಸಾಬೂನು ಸುಣ್ಣದೊಂದಿಗೆ ಸೇರಿ ಗಸಿಯಾಗಿ ಒಡೆದುಹೋಗುತ್ತದೆ. ಅಂಟುವಾಳದ ನೊರೆಗೆ ಅಷ್ಟು ತೊಂದರೆಯಿಲ್ಲ. ಬಾವಿಯ ಗಡುಸು ನೀರಿನ ಊರುಗಳಲ್ಲಿ ಇದು ಬಲು ದೊಡ್ಡ ಅನುಕೂಲ.

ರೇಷ್ಮೆ ಮತ್ತು ಉಣ್ಣೆ ಪ್ರಾಣಿಜನ್ಯ ನೂಲುಗಳು. ಚೌಳಿನಂತಹ ಕ್ಷಾರ ಅವುಗಳ ಎಳೆಯನ್ನೇ ಸವೆಸುತ್ತದೆ. ಹತ್ತಿಯ ಪಂಚೆ, ಸೀರೆಗೆ ಚೌಳಿನ ಉಬ್ಬೆ ನಡೆಯುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಉಬ್ಬೆಗೆ ಹಾಕಿದರೆ ಅದು ಉಳಿಯುವುದಿಲ್ಲ. ಆದ್ದರಿಂದ ರೇಷ್ಮೆಗೆ ಅಂಟುವಾಳ ಎಂಬ ನಿಯಮ ಬೆಳೆಯಿತು. ಚಿನ್ನ-ಬೆಳ್ಳಿಯ ಒಡವೆಗೂ ಅದೇ ನೊರೆ. ಎಣ್ಣೆಸ್ನಾನದ ಜಿಡ್ಡಿಗೆ ಸೀಗೆಪುಡಿ, ಕಡಲೆಹಿಟ್ಟು.

ತೊಳೆದ ಬಟ್ಟೆಗೆ ಗಂಜಿ ಹಾಕುವುದೂ ಅಡುಗೆಮನೆಯ ಉಳಿಕೆಯಿಂದಲೇ. ಅನ್ನ ಬಸಿದ ತಿಳಿಗಂಜಿಯಲ್ಲಿ ಅದ್ದಿದ ಬಟ್ಟೆ ಬಿರುಸಾಗಿ ನಿಲ್ಲುವುದಷ್ಟೇ ಅಲ್ಲ, ಮುಂದಿನ ಸಲದ ಕೊಳೆ ನೂಲಿಗೆ ಅಂಟುವ ಮೊದಲು ಗಂಜಿಗೆ ಅಂಟಿ, ಒಗೆದಾಗ ಅದರೊಂದಿಗೇ ಹೋಗುತ್ತದೆ. ಈ ಸೀಮೆಯ ಕಂಬಳಿ ನೇಯುವವರು ಹುಣಸೆ ಬೀಜವನ್ನು ಅರೆದು ಬೇಯಿಸಿದ ಅಂಟನ್ನು ಉಣ್ಣೆಯ ಹಾಸಿಗೆ ಹಚ್ಚುತ್ತಾರೆ. ಹಣ್ಣು ಸಾರಿಗೆ, ನಾರು ಪಾತ್ರೆಗೆ, ಬೀಜ ಕಂಬಳಿಗೆ ಹೋದ ಮೇಲೆ ಹುಣಸೆಯಲ್ಲಿ ಎಸೆಯಲು ಹೆಚ್ಚೇನೂ ಉಳಿಯುವುದಿಲ್ಲ.

ಮಡಿ ಮಾಡಿದ ಕೈಗಳು

ಈ ವಿದ್ಯೆಯನ್ನು ಬರಿದೇ ಹೊಗಳುವುದು ಇತಿಹಾಸಕ್ಕೆ ಸಲ್ಲದ ಮಾತಾದೀತು. ಬೂದಿ, ಇಟ್ಟಿಗೆ ಪುಡಿಯಿಂದ ಹೊತ್ತುಗಟ್ಟಲೆ ತಿಕ್ಕಿದ ಹೆಂಗಸರ ಕೈಗಳು ಒಡೆಯುತ್ತಿದ್ದವು. ನೀರು ಹೊತ್ತು ತಂದವರೂ, ಅದನ್ನು ಉಳಿಸಿದವರೂ, ತಿಕ್ಕಿದವರೂ ಅವರೇ.

ಮಡಿವಾಳರ ಸ್ಥಿತಿ ಇನ್ನೂ ಕಠಿಣ. ಊರಿನ ಆಯಗಾರರಲ್ಲಿ ಒಬ್ಬನಾದ ಆತನಿಗೆ ಸುಗ್ಗಿಯ ಕಣದಲ್ಲಿ ಅಳೆದು ಕೊಟ್ಟ ಕಾಳೇ ವರ್ಷದ ಕೂಲಿ. ಊರಿಗೆಲ್ಲ ಮಡಿ ಕೊಟ್ಟವನನ್ನೇ ಊರು ತನ್ನ ಮಡಿಯಿಂದ ದೂರವಿಟ್ಟಿತು. ಹನ್ನೆರಡನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಿದೇವ ಶರಣರ ಬಟ್ಟೆ ಒಗೆಯುವ ಕಾಯಕದಲ್ಲಿಯೇ ನಿಂತು ವಚನಕಾರನಾದದ್ದು ಈ ವೈರುಧ್ಯಕ್ಕೆ ಕೊಟ್ಟ ಉತ್ತರದಂತಿದೆ. ಆತನ ಹೆಸರಿನ ಮಠ ಇಂದು ಚಿತ್ರದುರ್ಗದಲ್ಲಿದೆ. ಚೌಳಿನ ಗುಣ, ಉಬ್ಬೆಯ ಹದ, ಯಾವ ಬಣ್ಣ ಬಿಸಿಗೆ ಬಿಡುತ್ತದೆ ಎಂಬ ತಿಳಿವಳಿಕೆ ಈ ಸಮುದಾಯದ ಕೈಯಲ್ಲಿ ಉಳಿದು ಬೆಳೆದ ವಿಜ್ಞಾನ.

ಸಾಬೂನು ಬಂದ ದಾರಿ

ಭಾರತಕ್ಕೆ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನ ಮೂಲಕ ಬಂದಿಳಿದದ್ದು 1888ರಲ್ಲಿ. ಮೈಸೂರು ಸಂಸ್ಥಾನದ ಗಂಧದ ಸಾಬೂನು 1918ರಲ್ಲಿ ಹೊರಬಂತು. ಟಾಟಾ ಸಂಸ್ಥೆ 1939ರಲ್ಲಿ ಗುಜರಾತಿನ ಮಿಠಾಪುರದಲ್ಲಿ ಸೋಡಾ ಉದ್ಯಮಕ್ಕೆ ಕೈಹಾಕಿತು. ಪೊಟ್ಟಣದ ಸೋಡಾ ಸುಲಭವಾದಂತೆ ಚೌಳು ಗೋರುವ ಅಗತ್ಯ ಕಡಿಮೆಯಾಯಿತು. 1959ರಲ್ಲಿ ಸರ್ಫ್, 1969ರಲ್ಲಿ ಅಗ್ಗದ ನಿರ್ಮಾ ಬಂದವು. ಇವು ಸಾಬೂನುಗಳಲ್ಲ, ಮಾರ್ಜಕಗಳು. ಗಡುಸು ನೀರಿನಲ್ಲಿಯೂ ನೊರೆ ಕೊಡುವುದರಿಂದ ಬಯಲು ಸೀಮೆಯ ಮನೆಗಳಿಗೆ ಇವು ಬೇಗನೆ ಹೊಂದಿಕೊಂಡವು. ಹೆಂಗಸರ ದುಡಿಮೆಯೂ ಕಡಿಮೆಯಾಯಿತು. ಇದನ್ನು ಮರೆಯಬಾರದು.

ಪಾತ್ರೆಗಳೂ ಬದಲಾದವು. ಅಲ್ಯುಮಿನಿಯಂ ಪಾತ್ರೆಗೆ ಸೋಡಾ ತಾಗಿದರೆ ಅದು ಕಪ್ಪಾಗಿ ಸವೆಯುತ್ತದೆ. ಸ್ಟೀಲಿಗೆ ಹುಣಸೆಯೂ ಬೇಡ, ಕಲಾಯಿಯೂ ಬೇಡ. ತಾಮ್ರ, ಹಿತ್ತಾಳೆ ದೇವರ ಮನೆಗೆ ಸರಿದ ಮೇಲೆ ಹುಣಸೆಯ ಕೆಲಸವೂ ಅಷ್ಟಕ್ಕೇ ಸೀಮಿತವಾಯಿತು.

ಉಳಿಕೆಯಿಲ್ಲದ ಮನೆ

ಹಳೆಯ ವಿದ್ಯೆ ಮರೆಯಾಗಲು ಸಾಬೂನಿನ ಮೇಲ್ಮೆಯೊಂದೇ ಕಾರಣವೆನ್ನಲಾಗದು. ಅದಕ್ಕೆ ಬೇಕಾದ ಉಳಿಕೆಗಳೇ ಮನೆಯಿಂದ ಮಾಯವಾದವು. ಅಡುಗೆ ಅನಿಲ ಬಂದ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ನಂತರ ಬಡವರ ಮನೆಗಳಿಗೂ ಸಿಲಿಂಡರ್ ಬಂತು. ಹೊಗೆಯಿಂದ ಬಿಡುಗಡೆ ನಿಜಕ್ಕೂ ದೊಡ್ಡ ಲಾಭ. ಹಾಲು ಡೇರಿಗೆ ಹೋಗತೊಡಗಿದ ಮೇಲೆ ಹುಳಿಯಾಗಿ ಮಿಗುವ ಮಜ್ಜಿಗೆಯೂ ಉಳಿಯಲಿಲ್ಲ. ಅನ್ನ ಕುಕ್ಕರಿನಲ್ಲಿ ಬೆಂದಾಗ ಬಸಿಯುವ ಗಂಜಿ ಇಲ್ಲ. ದನವಿಲ್ಲದ ಮನೆಗೆ ಕಲಗಚ್ಚಿನ ಬಾನಿ ಬೇಡ. ಹೀಗೆ ಒಂದೊಂದೇ ಕೊಂಡಿ ಕಳಚಿ, ಮನೆಯೊಳಗಿನಿಂದ ದೊರೆಯುತ್ತಿದ್ದುದೆಲ್ಲ ಅಂಗಡಿಯ ಸರಕಾಯಿತು.

ಇಂದಿನ ‘ಉಪಾಯ’ಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲವಿರುವುದರಿಂದ ಅದು ತುಕ್ಕು, ಸುಣ್ಣದ ಕಲೆಗಳನ್ನು ಅಷ್ಟಿಷ್ಟು ಬಿಡಿಸುವುದು ನಿಜ. ಆದರೆ ಅದರ ಸಕ್ಕರೆಯ ಅಂಟನ್ನು ತೊಳೆಯಲು ಮತ್ತೆ ನೀರು ಬೇಕು. ಅದೇ ಕೆಲಸವನ್ನು ಹಿಂಡಿ ಬಿಸಾಡುವ ನಿಂಬೆ ಹೋಳು ಮಾಡುತ್ತದೆ. ಅಡುಗೆ ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿದರೆ ಬುರುಬುರು ನೊರೆ ಏಳುತ್ತದೆ. ಆ ಹೊತ್ತಿಗೆ ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದುಕೊಂಡಿರುತ್ತವೆ. ಬೂದಿಗೆ ಒಂದು ಕೆಲಸ, ಹುಳಿಗೆ ಇನ್ನೊಂದು ಎಂದು ಬೇರ್ಪಡಿಸಿದ್ದ ಹಳಬರ ಕ್ರಮವೇ ಸರಿ. ಕಡಪ ಕಲ್ಲು ಸುಣ್ಣದ ಜಾತಿಯ ಕಲ್ಲಾದ್ದರಿಂದ ಅದರ ಮೇಲೆ ಹುಣಸೆ, ನಿಂಬೆ ಉಜ್ಜಿದರೆ ಹೊಳಪು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೆಂದರೆ, ಬ್ಲೀಚಿಂಗ್ ಪುಡಿಯನ್ನು ಶೌಚಾಲಯದ ಆ್ಯಸಿಡ್ಡಿನೊಂದಿಗಾಗಲೀ ಬೇರಾವ ಹುಳಿಯೊಂದಿಗಾಗಲೀ ಬೆರೆಸಬಾರದು. ಅದರಿಂದ ಏಳುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲುಮನೆಯಲ್ಲಿ ಪ್ರಾಣಕ್ಕೇ ಕುತ್ತು. ಬೂದಿ, ಹುಣಸೆಗಳ ಕಾಲದಲ್ಲಿ ಇಂತಹ ಅಪಾಯವಿರಲಿಲ್ಲ.

ಒಲೆಯನ್ನೂ ಉಬ್ಬೆಯನ್ನೂ ಮರಳಿ ತರುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಹಳೆಯ ಲೆಕ್ಕಾಚಾರದ ಒಂದು ಭಾಗ ಈಗಲೂ ಪ್ರಸ್ತುತ. ಹಿರಿಯೂರು, ಹೊಸದುರ್ಗಗಳ ತೋಟಗಳು ಕೊಳವೆಬಾವಿಗಳನ್ನು ನಂಬಿವೆ. ಆ ನೀರು ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತಿದೆ. ಹಿಂದೆ ಪಾತ್ರೆ ತೊಳೆದ ನೀರು ದನದ ಬಾನಿಗೂ ತೆಂಗಿನ ಬುಡಕ್ಕೂ ಹೋಗುತ್ತಿತ್ತು. ಈಗಿನ ಮಾರ್ಜಕದ ನೀರನ್ನು ದನ ಮೂಸುವುದೂ ಇಲ್ಲ, ಅದರ ಸೋಡಿಯಂ ಲವಣಗಳನ್ನು ವರ್ಷಗಟ್ಟಲೆ ಕುಡಿದ ನೆಲ ಚೌಳಿನ ಹಾದಿ ಹಿಡಿಯುತ್ತದೆ. ಹೀಗಾಗಿ ಅದು ಚರಂಡಿಗೆ, ಅಲ್ಲಿಂದ ಕೆರೆಗೆ ಸೇರುತ್ತಿದೆ. ಅಕ್ಕಿ ತೊಳೆದ ನೀರಿನಲ್ಲಿ ಮೊದಲ ಸಲ ಗಲಬರಿಸುವುದು, ಪೂಜೆಯ ಪಾತ್ರೆಗೆ ಕಿವುಚಿದ ಹುಣಸೆ ನಾರು, ರೇಷ್ಮೆಗೆ ಅಂಟುವಾಳ ಎಂಬ ಮೂರು ಅಭ್ಯಾಸಗಳು ಇಂದಿನ ಮನೆಯಲ್ಲಿಯೂ ನಡೆಯಬಲ್ಲವು. ಅಷ್ಟು ಮಾಡಿದರೂ ದಿನಕ್ಕೆ ಒಂದೆರಡು ಬಿಂದಿಗೆ ನೀರು ಹಿತ್ತಲಿನ ಗಿಡಕ್ಕೆ ಉಳಿದೀತು.